ಎರಿಬೆರ್ತೊ ಮಾಡಿದ ಕಿಟಕಿ

"ಇಲ್ಲಿ ನೋಡಿ ಮೇಸ್ತ್ರಿಗಳೇ, ನೀಲಿ ಇರೋದೆಲ್ಲ ಥಂಡಿ," ಎಂದು ಯೆಸೆನಿಯಾ ಕೈಯಲ್ಲಿದ್ದ, ಶಾಖವನ್ನು ಬಣ್ಣದಲ್ಲಿ ತೋರಿಸುವ ಪುಟ್ಟ ಕ್ಯಾಮೆರಾವನ್ನು ಎರಿಬೆರ್ತೊನ ಮುಖದ ಹತ್ತಿರ ತಂದಳು. ಹಳೇ ಕಿಟಕಿ ಕಿತ್ತು ಜೋಡಿ ಗಾಜಿನದು ಹಾಕಿಕೊಡುವ ಸರ್ಕಾರಿ ಯೋಜನೆಗೆ ಮನೆ ಪರೀಕ್ಷೆ ಮಾಡಲು ಬಂದ ಹುಡುಗಿ ಅವಳು. ಅರ್ಜಿ ಹಾಕಿದ್ದು ಅವನ ಹೆಂಡತಿ ನೊಲ್ಫಾ, ಅವನಿಗೆ ಹೇಳದೆ.

ಜುಲೈ ತಿಂಗಳು, ಭೂಮಿಯ ಆ ದಕ್ಷಿಣದ ತುದಿಯಲ್ಲಿ ನಡುಚಳಿಗಾಲ. ಕೊಯಾಯ್ಕೆಯ ಬೀದಿಗಳಲ್ಲಿ ಸೌದೆಯ ಹೊಗೆ ಮೇಲೇಳಲಾರದೆ ನೆಲ ಹಿಡಿದು ಕೂತಿತ್ತು. ಕ್ಯಾಮೆರಾದ ಪರದೆಯಲ್ಲಿ ಒಲೆ ಹಳದಿಯಾಗಿ ಹೊಳೆಯುತ್ತಿತ್ತು. ಕಿಟಕಿ ಮಾತ್ರ ಕಡುನೀಲಿ. ಆ ನೀಲಿ ಬಣ್ಣ ಗಾಜಿನಿಂದ ಗೋಡೆಗುಂಟ ಇಳಿದು, ನೊಲ್ಫಾ ಹೊಲಿಯಲು ಕೂರುವ ಕುರ್ಚಿಯ ಬೆನ್ನಿಗೆ ಹತ್ತಿಕೊಂಡಿತ್ತು.

ಲೆಂಗಾ ಮರವನ್ನು ಎರಡು ವರ್ಷ ಒಣಗಿಸಿ, ಒಂದೂ ಮೊಳೆ ಹೊಡೆಯದೆ ಅವನು ಕೂಡಿಸಿದ ಕಿಟಕಿ ಅದು. ಆ ಬೀದಿಯಲ್ಲಿ ಅಷ್ಟಗಲದ್ದು ಇನ್ನೊಂದಿರಲಿಲ್ಲ. ಮೊದಲ ಚಳಿಗಾಲದಲ್ಲೇ ನೊಲ್ಫಾ ಅಂದಿದ್ದಳು, "ಬೆನ್ನಿಗೆ ಗಾಳಿ ಹೊಡೀತದೆ ಕಣೋ."

"ನನ್ನ ಕಿಟಕೀಲಿ ಇರುವೆನೂ ನುಗ್ಗಲ್ಲ. ನಿನ್ನ ಮೈಯಲ್ಲಿ ಹರಿಯೋದು ರಕ್ತ ಅಲ್ಲ, ನೀರು!"

ಒಲೆಗೆ ಸೌದೆ ತುಂಬುತ್ತಲೇ ಇರುವ ಅವಳನ್ನು ಬಂದವರೆದುರು 'ಸೌದೆ ತಿನ್ನೋಳು' ಎಂದು ಕರೆದು ನಗಿಸುತ್ತಿದ್ದ. ಅವಳು ಎರಡು ಸಲ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದಾಗಲೂ, "ಒದ್ದೆ ತಲೇಲಿ ಓಡಾಡ್ತಾಳೆ," ಎಂದು ಡಾಕ್ಟರಿಗೆ ದೂರು ಹೇಳಿದ್ದ. ಹದಿನೇಳು ವರ್ಷ ಹೀಗೇ ಕಳೆದಿತ್ತು.

"ನಿನ್ನ ಕ್ಯಾಮೆರಾ ಕೆಟ್ಟಿರಬೇಕು," ಅಂದ.

"ಮರದ ಕೆಲಸ ಚೆನ್ನಾಗೇ ಮಾಡಿದೀರಿ. ಆದ್ರೆ ಒಂಟಿ ಗಾಜು, ಅದೂ ಬಿಸಿಲೇ ಬೀಳದ ದಕ್ಷಿಣದ ಕಡೆಗೆ. ಒಲೆಯ ಶಾಖ ಇಲ್ಲಿಂದ್ಲೇ ಆಚೆ ಹೋಗ್ತಿದೆ. ಈ ಕುರ್ಚೀಲಿ ಯಾರು ಕೂರೋದು?"

ನೊಲ್ಫಾ ಪರದೆ ನೋಡಲು ಹತ್ತಿರವೂ ಬರಲಿಲ್ಲ. "ಸಹಿ ಎಲ್ಲಿ ಹಾಕ್ಬೇಕು, ಹೇಳಮ್ಮ," ಅಂದಳು.

ಅವಳು ಬೈದಾಳೆಂದು ಅಂದು ಸಂಜೆಯೆಲ್ಲ ಕಾದ. ಬೈಯಲಿಲ್ಲ. ಕೊನೆಗೆ ಊಟದ ತಟ್ಟೆ ನೋಡುತ್ತ ತಾನೇ ಅಂದ, "ಸರಿಯಾಗಿ ಹೇಳಿದ್ರೆ ನಾನೇ ಇನ್ನೊಂದು ಗಾಜು ಕೂರಿಸ್ತಿದ್ದೆ."

"ಹೇಳ್ದೆ. ನೀನು ನಗಿಸ್ತಿದ್ದೆ. ಬಂದವರು ನಗ್ತಿದ್ರು," ಎಂದು ನೊಲ್ಫಾ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಸೆಪ್ಟೆಂಬರಿನಲ್ಲಿ ಇಬ್ಬರು ಕೆಲಸಗಾರರು ಬಂದು ಒಂದೇ ಬೆಳಿಗ್ಗೆಯಲ್ಲಿ ಹೊಸ ಬಿಳೀ ಕಿಟಕಿ ಕೂರಿಸಿ ಹೋದರು. ಕಿತ್ತ ಚೌಕಟ್ಟನ್ನು ಎರಿಬೆರ್ತೊ ಯಾರಿಗೂ ಮುಟ್ಟಗೊಡಲಿಲ್ಲ. ಹಿತ್ತಲಿಗೆ ಒಯ್ದು, ತುಂಡು ಮಾಡಲು ತಾನೇ ಗರಗಸ ಹಿಡಿದ. ಮರ ಇನ್ನೂ ಗಟ್ಟಿಯಾಗಿತ್ತು. ಗರಗಸದ ಹಲ್ಲು ಸುಲಭಕ್ಕೆ ಇಳಿಯಲಿಲ್ಲ.

ಸುಸ್ತಾಗಿ ತಲೆಯೆತ್ತಿದಾಗ ನೊಲ್ಫಾ ಹೊಸ ಜೋಡಿ ಗಾಜಿನ ಹಿಂದೆ ನಿಂತು ಅವನನ್ನೇ ನೋಡುತ್ತಿದ್ದಳು. ಅವಳ ತುಟಿ ಅಲುಗುತ್ತಿತ್ತು.

"ಏನು?" ಎಂದು ಕೂಗಿ, ಕಿವಿಗೆ ಕೈಯಿಟ್ಟ. "ಏನೂ ಕೇಳಿಸ್ತಿಲ್ಲ!"

ಅವಳು ಕಿಟಕಿ ತೆರೆಯಲಿಲ್ಲ, ದನಿ ಏರಿಸಿದಂತೆಯೂ ಕಾಣಲಿಲ್ಲ. ಅವಸರವಿಲ್ಲದೆ ಬಹಳ ಹೊತ್ತು ಮಾತಾಡಿದಳು. ಮುಗಿದ ಮೇಲೆ, ತನ್ನ ಉಸಿರಿನಿಂದ ಮಬ್ಬಾಗಿದ್ದ ಗಾಜನ್ನು ಅಂಗೈಯಿಂದ ಒರೆಸಿ ಒಳಗೆ ಹೋದಳು.