ತುಂಬಿ ಬರುವ ಬಾಟಲಿ

ಕಂಡಕ್ಟರಮ್ಮನ ಬಾಯಿಗೆ ಇಡೀ ಬಸ್ಸು ಹೆದರುತ್ತಿತ್ತು. "ಒಳಗೆ ನಡೀರಿ" ಎಂದು ಅವಳು ಒಮ್ಮೆ ದನಿ ತೆಗೆದರೆ ಸಾಕು, ಬಾಗಿಲಲ್ಲಿ ಜೋತುಬಿದ್ದ ಗಂಡಸರು ಬಾಲ ಮುದುರಿಕೊಂಡು ಒಳಗೆ ಸರಿಯುತ್ತಿದ್ದರು. ಅಂಥವಳು ಇವತ್ತು ಮಗಳ ಲೆಕ್ಕದ ಟೀಚರ ಎದುರು, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು, ತುಟಿಪಿಟಕ್ಕೆನ್ನದೆ ಕೇಳುತ್ತಿದ್ದಳು.

"ಬೆಳಗ್ಗೆ ನಿಮ್ಮ ಗುಬ್ಬಿ ಬಲು ಚುರುಕು. ಮಧ್ಯಾಹ್ನ ನನ್ನ ಕ್ಲಾಸಿಗೆ ಬರೋ ಹೊತ್ತಿಗೆ ತಲೆ ಹಿಡ್ಕೊಂಡು ಕೂತಿರ್ತಾಳೆ. ಗೊತ್ತಿರೋ ಲೆಕ್ಕಾನೂ ತಪ್ಪು ಮಾಡ್ತಾಳೆ. ಕೊನೇ ಪರೀಕ್ಷೇಲೂ ಹೀಗೇ ಆದ್ರೆ ಇನ್ನೊಂದು ವರ್ಷ ಇದೇ ಕ್ಲಾಸಲ್ಲಿ ಕೂರ್ಬೇಕಾಗುತ್ತೆ," ಎಂದರು ಟೀಚರ್.

"ಪಾಸಾಗ್ತಾಳೆ ಬಿಡಿ ಮೇಡಂ. ನನ್ನ ಮಗಳು ಅವಳು," ಎಂದು ಕಂಡಕ್ಟರಮ್ಮ ಎದ್ದಳು. ಹೇಗೆ ಪಾಸಾಗುತ್ತಾಳೆ ಎಂಬುದು ಮಾತ್ರ ಅವಳಿಗೂ ಗೊತ್ತಿರಲಿಲ್ಲ.

ಕಣ್ಣು ಪರೀಕ್ಷೆ ಮಾಡಿಸಿದ್ದಾಯಿತು, ಕಣ್ಣು ಸರಿಯಾಗಿಯೇ ಇತ್ತು. ಟ್ಯೂಷನ್‌ಗೆ ಹಾಕಿದ್ದಾಯಿತು, ಮಗಳು ಅಲ್ಲೂ ಹಣೆ ಒತ್ತಿಕೊಂಡೇ ಕೂತಳು. "ಲೆಕ್ಕದಲ್ಲಿ ನನ್ನನ್ನೇ ಹೋಲ್ತಾಳೆ," ಎಂದು ಗಂಡ ಹೆಮ್ಮೆಯಿಂದ ಹೇಳಿ ಬೈಸಿಕೊಂಡ.

ಆ ಮನೆಯಲ್ಲಿ ಸೊಂಪಾಗಿದ್ದದ್ದು ಗೇಟಿನ ಪಕ್ಕದ ಹೂಗಿಡ ಒಂದೇ. ಉಳಿದ ಕುಂಡಗಳೆಲ್ಲ ಒಣಗಿದ್ದರೂ ಅದು ಮಾತ್ರ ನಳನಳಿಸುತ್ತಿತ್ತು. "ನನ್ನ ಕೈಗುಣ," ಎಂದು ಕಂಡಕ್ಟರಮ್ಮ ಪಕ್ಕದ ಮನೆಯವಳ ಹತ್ತಿರ ಜಂಬ ಕೊಚ್ಚಿಕೊಂಡಿದ್ದಳು. ತನ್ನ ವಾರದ ರಜೆಯ ದಿನ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಆ ಕೈ ಯಾರದೆಂದು ತಿಳಿಯಿತು. ಶಾಲೆಯಿಂದ ಬಂದ ಗುಬ್ಬಿ ಆಚೀಚೆ ನೋಡಿ, ಬ್ಯಾಗಿನಿಂದ ಬಾಟಲಿ ತೆಗೆದು, ತುಂಬಿದ ನೀರನ್ನು ತುಂಬಿದ ಹಾಗೇ ಗಿಡದ ಬುಡಕ್ಕೆ ಸುರಿದಳು.

ಕಂಡಕ್ಟರಮ್ಮ ದಡದಡನೆ ಇಳಿದು ಬಂದಳು. "ಇಡೀ ದಿನ ಒಂದು ಗುಟುಕೂ ಕುಡಿದಿಲ್ವಾ?"

ಗುಬ್ಬಿ ನೆಲ ನೋಡಿದಳು. "ಟಾಯ್ಲೆಟ್ ಬಾಗಿಲಿಗೆ ಚಿಲಕ ಇಲ್ಲಮ್ಮ. ನಾನು ಒಳಗಿದ್ದಾಗ ಒಬ್ಬಳು ತಳ್ಳಿಬಿಟ್ಲು, ಎಲ್ಲರೂ ನಕ್ಕರು. ಆಮೇಲೆ ನಾನು ಹೋಗೇ ಇಲ್ಲ."

"ಅದಕ್ಕೆ ನೀರು ಕುಡಿಯೋದನ್ನೇ ಬಿಡೋದಾ? ಈ ಬುದ್ಧಿ ಯಾರು ಹೇಳ್ಕೊಟ್ರು ನಿಂಗೆ?"

"ನೀನೇ."

ಬಸ್ಸು ಹತ್ತಿದ ಮೇಲೆ ಇಳಿಯುವವರೆಗೂ ಗಂಟಲಿಗೆ ಹನಿ ನೀರು ಇಳಿಸೋದಿಲ್ಲ, ಡ್ಯೂಟಿ ಅಂದರೆ ಹಾಗಿರಬೇಕು ಎಂದು ನೆಂಟರಿಷ್ಟರ ಮುಂದೆಲ್ಲ ಎದೆಯುಬ್ಬಿಸಿ ಹೇಳಿದವಳು ಕಂಡಕ್ಟರಮ್ಮನೇ. ನಿಜ ಹೇಳಬೇಕೆಂದರೆ, ಬಸ್ಸು ನಿಲ್ಲಿಸಿ ಎಂದು ಡ್ರೈವರನ್ನು ಕೇಳಲು ಅವಳಿಗೆ ನಾಚಿಕೆ. ಸಂಜೆ ತಲೆ ಸಿಡಿಯುತ್ತ ಬಂದು ಮಲಗಿದಾಗ ಹಣೆಗೆ ಮುಲಾಮು ಹಚ್ಚುತ್ತಿದ್ದವಳು ಇದೇ ಗುಬ್ಬಿ. ತನ್ನ ತಲೆನೋವನ್ನು ತಾನೇ ಮಗಳಿಗೆ ದಾಟಿಸಿದೆನಲ್ಲ ಎಂದುಕೊಂಡು ಅವಳು ಗುಬ್ಬಿಯ ಹಣೆ ಸವರಿದಳು.

ಮರುದಿನ ಬೆಳಗ್ಗೆಯೇ ಶಾಲೆಗೆ ಹೋದಳು. ಟೀಚರ್ ಬಾಗಿಲನ್ನು ಕಣ್ಣಾರೆ ನೋಡಿ, "ನಾವು ಈ ಕಡೆ ಬರೋದೇ ಇಲ್ಲ ನೋಡಿ, ತಪ್ಪಾಯ್ತು," ಎಂದರು. ಸಂಜೆಯೊಳಗೆ ಹೊಸ ಚಿಲಕ ಬಂತು. ಆದರೆ ಅದರ ಮರುದಿನವೂ ಬಾಟಲಿ ಮಾತ್ರ ತುಂಬಿಯೇ ಬಂತು.

"ಈಗ ಚಿಲಕ ಇದೆಯಲ್ಲೇ."

"ಎಲ್ಲರ ಮುಂದೆ ಎದ್ದು ಕೇಳ್ಬೇಕಲ್ಲಮ್ಮ. ನೀನು ಕುಡಿ, ನಾನೂ ಕುಡೀತೀನಿ."

ಹೀಗಾಗಿ ಮರುದಿನ ಕಂಡಕ್ಟರಮ್ಮ ಬಸ್ಸಿನಲ್ಲಿ ಗಟಗಟನೆ ನೀರು ಕುಡಿದಳು. ಅರ್ಧ ದಾರಿಯಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಡ್ರೈವರ ಹತ್ತಿರ ಹೋದಳು. ಇಡೀ ಬಸ್ಸಿಗೆ ಕೇಳುವ ದನಿಯನ್ನು ಅಂದು ಅವನ ಕಿವಿಗಷ್ಟೇ ಕೇಳುವಷ್ಟು ಇಳಿಸಿದಳು.

"ಡ್ರೈವರಣ್ಣ, ಮುಂದಿನ ಸ್ಟ್ಯಾಂಡಲ್ಲಿ ಸ್ವಲ್ಪ ನಿಲ್ಸಿ. ಟಾಯ್ಲೆಟ್‌ಗೆ ಹೋಗ್ಬೇಕು."

"ಅಬ್ಬಾ, ಕೇಳಿದ್ರಲ್ಲಕ್ಕ. ನೀವೇ ಕೇಳಲ್ಲ, ನಾನು ಹೇಗೆ ಕೇಳೋದು ಅಂತ ಇಷ್ಟು ವರ್ಷ ಹಲ್ಲು ಕಚ್ಕೊಂಡು ಓಡಿಸ್ತಿದ್ದೆ," ಎಂದ ಡ್ರೈವರ್. ಸ್ಟ್ಯಾಂಡಿನಲ್ಲಿ ಬಸ್ಸು ನಿಂತದ್ದೇ ತಡ, ಅವಳಿಗಿಂತ ಮೊದಲು ಅವನೇ ಇಳಿದು ಓಡಿದ.

ಹೊತ್ತಾಯಿತೆಂದು ಯಾರೋ ಗೊಣಗಿದರು. ವಾಪಸು ಬಂದ ಕಂಡಕ್ಟರಮ್ಮನಿಗೆ ಹಳೆಯ ದನಿಯೂ ವಾಪಸು ಬಂದಿತ್ತು. "ಬಸ್ಸಿಗೆ ಡೀಸೆಲ್ ಬೇಕು, ನಮಗೆ ಇದು ಬೇಕು. ಕೂತ್ಕೊಳ್ಳಿ."

ಸಂಜೆ ಗುಬ್ಬಿ ಅಮ್ಮನ ಬಾಟಲಿಯನ್ನು ತಲೆಕೆಳಗು ಮಾಡಿ ನೋಡಿದಳು. "ಎಲ್ಲೂ ಚೆಲ್ಲಿಲ್ಲ ತಾನೇ?"

"ನಿನ್ನಷ್ಟು ಕಿಲಾಡಿ ಅಲ್ಲ ನಾನು."

ಮರುದಿನದಿಂದ ಗುಬ್ಬಿಯ ಬಾಟಲಿಯೂ ಖಾಲಿಯಾಗಿ ಬರತೊಡಗಿತು. ಮುಲಾಮಿನ ಡಬ್ಬಿ ಮೂಲೆ ಸೇರಿತು.

ಪರೀಕ್ಷೆ ಮುಗಿದು ಫಲಿತಾಂಶದ ದಿನ ಟೀಚರ್ ಶಾಲೆಯ ಬಾಗಿಲಲ್ಲೇ ಕಾಯುತ್ತಿದ್ದರು. "ಪಾಸು. ಅದಿರಲಿ, ಪರೀಕ್ಷೆ ಮಧ್ಯೆ ಎದ್ದು ನಿಂತು, 'ಮೇಡಂ, ಟಾಯ್ಲೆಟ್‌ಗೆ ಹೋಗ್ಬೇಕು' ಅಂದ್ಲು. ಹಿಂದಿನ ಬೆಂಚಿನವರು ಕಿಸಕ್ಕಂದ್ರು. ಇವಳು ತಿರುಗಿ ನೋಡಿದ್ಲು, ಅಷ್ಟೇ, ಎಲ್ಲರೂ ಗಪ್‌ಚುಪ್. ಥೇಟ್ ನೀವೇ."

ಕಂಡಕ್ಟರಮ್ಮನಿಗೆ ಮಗಳು ಪಾಸಾದದ್ದಕ್ಕಿಂತ ಹಾಗೆ ಎದ್ದು ನಿಂತದ್ದಕ್ಕೆ ಕಣ್ಣು ತುಂಬಿತು.

ಅಮ್ಮ ಮಗಳು ಮನೆಗೆ ಬಂದಾಗ ಗೇಟಿನ ಗಿಡ ಸೊರಗಿ ನಿಂತಿತ್ತು. ಇಬ್ಬರ ಬಾಟಲಿಯಲ್ಲೂ ಹನಿ ನೀರಿರಲಿಲ್ಲ. "ಪಾಪ, ಈ ಮನೇಲಿ ಇದನ್ನ ಕೇಳೋರೇ ಇಲ್ಲ," ಎನ್ನುತ್ತ ಅಪ್ಪ ಬಕೆಟ್ ಹಿಡಿದು ಹೊರಗೆ ಬಂದ.