ನೀಲಿ ಗೆರೆಯ ಕೆಳಗೆ

ನಮ್ಮ ಕೆಳಬೀದಿಗೆ ಹೊಸಬರು ಯಾರೇ ಬರಲಿ, ಮೊದಲು ಕೇಳುತ್ತಿದ್ದದ್ದು ಗೋಡೆ ಮೇಲಿನ ಈ ನೀಲಿ ಗೆರೆ ಏನು ಅಂತ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮನೆ, ಅಂಗಡಿ, ಗಿರಣಿ, ಶಾಲೆ ಅಂತ ನೋಡದೆ ಎಲ್ಲದರ ಮೇಲೂ ಒಂದೇ ಮಟ್ಟದಲ್ಲಿ ಎಳೆದ ಗೆರೆ. ಹೊಳೆ ಬೀದಿಗೆ ನುಗ್ಗಿದ ವರ್ಷ ನೀರು ಎಲ್ಲಿವರೆಗೆ ನಿಂತಿತ್ತೋ ಅಲ್ಲಿಗೆ ಪುರಸಭೆಯವರು ಬಣ್ಣ ಹೊಡೆಸಿದ್ದರು. ಹೊಡೆದವನು ನನ್ನ ತಮ್ಮನೇ, ಪೇಂಟರ್. ಆಮೇಲೆ ಆ ಗೆರೆ ನಮ್ಮ ಮಾತಿನೊಳಗೂ ಸೇರಿಕೊಂಡಿತು. ಹಿಟ್ಟಿನ ಡಬ್ಬ ಗೆರೆ ಮೇಲಿಡು, ಟಿವಿ ಗೆರೆ ಮೇಲಿರಲಿ ಅನ್ನುತ್ತಿದ್ದೆವು. ಬೀದಿಯಲ್ಲಿ ಒಂದು ಸ್ವಿಚ್ಚೂ ಗೆರೆಗಿಂತ ಕೆಳಗಿರಲಿಲ್ಲ.

ನಮ್ಮ ಮನೆಯಲ್ಲಿ ಆ ಗೆರೆ ಮುಂಬಾಗಿಲ ಚೌಕಟ್ಟಿನ ಮೇಲೂ ಹಾದುಹೋಗಿತ್ತು. ಅದರ ಕೆಳಗೆ ನನ್ನ ಮಗಳ ಗೀರುಗಳಿದ್ದವು.

ಶಾಲೆಯಲ್ಲಿ ಕರೆಯೋಕೆ ಅವಳಿಗೊಂದು ಚೆಂದದ ಹೆಸರಿತ್ತು. ಮನೆಯಲ್ಲಿ ಮಾತ್ರ ಚೋಟು. ಹುಟ್ಟಿದಾಗ ಚೋಟುದ್ದ ಇದ್ದಳು, ಆಮೇಲೂ ಅಂಥಾ ಉದ್ದವೇನೂ ಆಗಲಿಲ್ಲ. ಆ ಹೆಸರು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅದಕ್ಕೇ ಪ್ರತಿ ವರ್ಷ ಶಾಲೆ ಶುರುವಾಗುವ ದಿನ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತು, "ಅಪ್ಪಾ, ಗೀರು" ಅಂತ ಅಪ್ಪಣೆ ಮಾಡುವಳು. ನಮ್ಮವರು ಮೊಳೆ ಹಿಡಿದು ತಲೆ ಮಟ್ಟಕ್ಕೆ ಗೀರು ಎಳೆಯುವರು. ಕಳ್ಳಿ, ಮೆಲ್ಲಗೆ ಹಿಮ್ಮಡಿ ಎತ್ತುವಳು. "ಹಿಮ್ಮಡಿ ಕೆಳಗಿಡೇ" ಅಂತ ಇವರು ಪಾದ ಒತ್ತಿ ಹಿಡಿದರೆ ಅವಳು ಕುತ್ತಿಗೆ ಉದ್ದ ಮಾಡುವಳು. ನಾನು ಅಡುಗೆಮನೆಯಿಂದ ನೋಡಿ ನಗುತ್ತಿದ್ದೆ.

ನಾನು ಟೈಲರ್. ಮೇಲ್ಬೀದಿಯಲ್ಲಿ ನನ್ನ ಅಂಗಡಿ. ಊರಿನ ಮಕ್ಕಳಿಗೆಲ್ಲ ಯೂನಿಫಾರ್ಮ್ ಹೊಲಿದವಳು ನಾನೇ, ಅವರೆಲ್ಲರ ಅಳತೆ ನನ್ನ ಟೇಪಿಗೆ ಗೊತ್ತು. ಸ್ವಂತ ಮಗಳಿಗೆ ಮಾತ್ರ ಒಂದು ದಿನವೂ ಟೇಪು ಹಿಡಿಯಲಿಲ್ಲ. ಕಣ್ಣಳತೆಯಲ್ಲೇ ಹೊಲಿದು ಹಾಕಿದೆ. ನನ್ನ ಕಣ್ಣಳತೆ ತಪ್ಪಲ್ಲ ಅಂತ ಊರೇ ಹೇಳುತ್ತೆ, ನನಗೂ ಅದೇ ಜಂಬ.

ನೀರು ಬಂದ ದಿನ ನಾನು ಅಂಗಡಿಯಲ್ಲಿದ್ದೆ. ಇವರು ಊರಿಗೆ ನೀರು ಬಿಡುವ ಪಂಪ್‌ಹೌಸ್‌ನಲ್ಲಿ ಆಪರೇಟರ್. ಮೋಟಾರು ನಿಲ್ಲಿಸದಿದ್ದರೆ ಸುಟ್ಟುಹೋಗುತ್ತೆ ಅಂತ ಫೋನ್ ಬಂತು. "ಒಳಗೇ ಇರು, ಬಾಗಿಲು ತೆಗೀಬೇಡ, ಈಗ ಬಂದೆ" ಅಂತ ಚೋಟುಗೆ ಹೇಳಿ ಹೋದರು. ಯಾವತ್ತೂ ಮಾತು ಕೇಳದ ಹುಡುಗಿ ಅವತ್ತು ಅಪ್ಪನ ಮಾತು ಕೇಳಿದಳು, ಬಾಗಿಲು ತೆಗೆಯಲೇ ಇಲ್ಲ. ಹೊಳೆಯ ಒಡ್ಡು ಒಡೆದು ನೀರು ಒಂದೇ ಸಲ ನುಗ್ಗಿತು. ಇನ್ನು ಅದನ್ನು ಬೆಳೆಸೋದಿಲ್ಲ. ಗೆರೆ ಅವಳ ಕೊನೆಯ ಗೀರಿಗಿಂತ ಮೇಲಿತ್ತು, ಅಷ್ಟೇ.

ನೀರು ಇಳಿದಾಗ ಗೆರೆ ಕೆಳಗಿನದು ಏನೂ ಉಳಿದಿರಲಿಲ್ಲ. ಅವಳ ಬಟ್ಟೆ, ಚಪ್ಪಲಿ, ಆಲ್ಬಮ್ಮು, ಫೋಟೋ ಇದ್ದ ಫೋನು, ಎಲ್ಲಾ ಕೆಸರು. ಶಾಲೆಯವರ ಹತ್ತಿರ ಒಂದು ಸಣ್ಣ ಫೋಟೋ ಇತ್ತು, ಅದನ್ನು ಕೊಟ್ಟರು. ಅದರಲ್ಲಿ ಮುಖ ಇದೆ, ಕುತ್ತಿಗೆವರೆಗೆ. ಮಿಕ್ಕವಳು ಚೌಕಟ್ಟಿನಲ್ಲಿದ್ದಳು. ದಿನಾ ಅಂಗಡಿಗೆ ಹೊರಡುವಾಗ ಕೊನೆಯ ಗೀರಿನ ಮೇಲೆ ಅಂಗೈ ಇಟ್ಟು "ಬರ್ತೀನಿ ಕಣೇ" ಅಂತಿದ್ದೆ. ಹುಚ್ಚು ಅನ್ನುವವರು ಅನ್ನಲಿ, ನನಗೇನು.

ಇವರದ್ದು ಬೇರೆ ಥರ. ಅವತ್ತಿನಿಂದ ಮುಂಬಾಗಿಲು ತುಳಿಯಲಿಲ್ಲ. ಸುತ್ತುಹಾಕಿ ಹಿತ್ತಲ ಬಾಗಿಲಿಂದಲೇ ಬರುವುದು, ಹೋಗುವುದು. ಚೋಟು ಅನ್ನುವ ಹೆಸರು ಬಾಯಲ್ಲಿ ಬರಲಿಲ್ಲ. ಈ ಮನೆ ಬಿಡೋಣ ಅಂತ ಮಾತ್ರ ಆಗಾಗ ಅನ್ನುವರು. ನೀರು ನುಗ್ಗಿದ ಮನೆಯನ್ನು ಯಾವ ಪುಣ್ಯಾತ್ಮ ಕೊಳ್ಳುತ್ತಾನೆ? "ಹೋದ್ರೂ ಚೌಕಟ್ಟು ಕೀಳಿಸಿಕೊಂಡೇ ಹೋಗೋದು" ಅಂತ ನಾನು ಖಡಾಖಂಡಿತ ಹೇಳಿಬಿಟ್ಟಿದ್ದೆ.

ಹೀಗಿರುವಾಗ ಡೇಟಾ ಸೆಂಟರ್ ಸುದ್ದಿ ಬಂತು. ಸುದ್ದಿ ತಂದವರು ಪುರಸಭೆ ಅಧ್ಯಕ್ಷರು. ನಾವು ಅವರನ್ನು ಮೈಕು ಅಂತ ಕರೆಯುತ್ತೇವೆ, ಎದುರಿಗಲ್ಲ. ಅವರು ಗುಟ್ಟು ಹೇಳಿದರೂ ಮೂರು ಮನೆಗೆ ಕೇಳುತ್ತೆ. ಶಾಲೆ ಅಂಗಳದಲ್ಲಿ ಬೀದಿಯವರನ್ನೆಲ್ಲ ಕೂರಿಸಿ ಅವರು ಪಾಠ ಮಾಡಿದರು.

"ಜನ ಫೋನಲ್ಲಿ ತೆಗೆದ ಫೋಟೋ, ಆಡಿದ ಮಾತು, ಬ್ಯಾಂಕಿನ ಲೆಕ್ಕ, ಎಲ್ಲಾ ಎಲ್ಲೋ ಒಂದು ಕಡೆ ಇರಬೇಕಲ್ಲ? ಅದರ ಉಗ್ರಾಣ ಇದು. ಒಳಗೆಲ್ಲ ಯಂತ್ರ. ಅವು ಹಗಲೂ ರಾತ್ರಿ ಬಿಸಿಯಾಗ್ತಾವೆ, ತಣ್ಣಗಿಡೋಕೆ ನೀರು ಬೇಕು. ನಮ್ಮಲ್ಲಿ ಹೊಳೆ ಇದೆ. ಕಂಪನಿಯವರು ಎಲ್ಲಿ ಕಟ್ಟೋದು ಅಂತ ಎರಡು ಮೂರು ಊರು ನೋಡ್ತಿದ್ದಾರೆ. ನಮ್ಮೂರು ಒಪ್ಪಿಗೆ ಆದ್ರೆ ಈ ಬೀದಿ, ಹಿಂದಿನ ಬಯಲು ಪೂರ್ತಿ ತಗೋತಾರೆ. ನಿಮಗೆಲ್ಲ ಗುಡ್ಡದ ಮೇಲೆ ಹೊಸ ಮನೆ. ಒಂದೇ ತೊಡಕು. ಇದು ನೀರು ನುಗ್ಗೋ ಜಾಗ ಅಂತ ಗೊತ್ತಾದ್ರೆ ಅವರು ಕಾರಿಂದ ಇಳಿಯೋದೂ ಇಲ್ಲ."

"ಹೊಳೆ ಬೇಕು, ಹೊಳೆ ನೀರು ಮಾತ್ರ ಬರಬಾರದು. ಒಳ್ಳೆ ಅಳಿಯ ಸಿಕ್ಕಿದ ಹಾಗಾಯ್ತು" ಅಂದೆ. ಜನ ನಕ್ಕರು. ಪಕ್ಕದಲ್ಲಿ ಕೂತಿದ್ದ ಇವರು ನಗಲಿಲ್ಲ. ಗುಡ್ಡದ ಮೇಲೆ ಮನೆ ಅಂದಾಗ ಅವರು ತಲೆ ಎತ್ತಿದ್ದನ್ನು ನಾನು ನೋಡಿದೆ. ಎಷ್ಟೋ ವರ್ಷದಿಂದ ಆ ಮುಖದಲ್ಲಿ ಕಾಣದ ಆಸೆ ಕಂಡಿತು.

ಮೈಕು ಅಪ್ಪಣೆ ಕೊಟ್ಟರು: ಕಂಪನಿಯವರು ಬರುವಷ್ಟರಲ್ಲಿ ಗೆರೆ ಇರಬಾರದು, ಕೇಳಿದರೆ ಇಲ್ಲಿಗೆ ನೀರು ಬಂದೇ ಇಲ್ಲ ಅನ್ನಬೇಕು. ನಾನು ಎದ್ದು ನಿಂತು ಹೇಳಿದೆ, "ಗೋಡೆ ಬಳಿಸಿಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಬಂದಿಲ್ಲ ಅನ್ನೋ ಮಾತು ನನ್ನ ಬಾಯಲ್ಲಿ ಹೇಳಿಸಬೇಡಿ." ಮೈಕಿನ ಗಂಟಲೂ ಅವತ್ತು ಇಳಿಯಿತು. "ನೀನು ಸುಮ್ಮನಿದ್ರೆ ಸಾಕಮ್ಮ" ಅಂದರು.

ಗೆರೆ ಎಳೆದಿದ್ದ ನನ್ನ ತಮ್ಮನೇ ಅದನ್ನು ಅಳಿಸಲು ಬಂದ. ಬೀದಿಯೆಲ್ಲ ಸುಣ್ಣ, ಪೇಂಟಿನ ವಾಸನೆ. ನಮ್ಮ ಮನೆ ಮುಂದೆ ಬ್ರಷ್ ಹಿಡಿದು ತಲೆ ಕೆರೆದುಕೊಂಡು ನಿಂತಿದ್ದ. "ಅಕ್ಕ, ಗೋಡೆಗಷ್ಟೇ ಹೊಡಿತೀನಿ. ಚೌಕಟ್ಟು ಮುಟ್ಟಲ್ಲ. ಅವರು ಬಂದಾಗ ಒಂದು ಪರದೆ ಇಳಿಬಿಡು, ಆಯ್ತಾ?" ಆಯ್ತು ಅಂದೆ. ಪರದೆ ಹೊಲಿಯೋಕೆ ಅಂತಲೇ ಅಂಗಡಿಗೆ ಹೋದೆ.

ಪರದೆ ಕಂಕುಳಲ್ಲಿಟ್ಟುಕೊಂಡು ಮಧ್ಯಾಹ್ನ ಬಂದು ನೋಡುತ್ತೇನೆ, ಚೌಕಟ್ಟು ಕಂದು ಬಣ್ಣದಲ್ಲಿ ಮಿರಮಿರ ಮಿಂಚುತ್ತಿದೆ. ಕೆಳಗೆ ಕಾಗದ ಹಾಸಿ ಇವರು ಕೂತಿದ್ದಾರೆ. ಪಕ್ಕದಲ್ಲಿ ತಮ್ಮನ ಡಬ್ಬಿ, ಸವೆದ ಸ್ಯಾಂಡ್ ಪೇಪರ್, ಮರದ ಪುಡಿ. ಮೊದಲು ಚೆನ್ನಾಗಿ ತಿಕ್ಕಿ, ಸಂದಿಗೆಲ್ಲ ಪುಟ್ಟಿ ತುಂಬಿ, ಆಮೇಲೆ ಬಣ್ಣ ಹೊಡೆದಿದ್ದರು. ಯಾವ ಕೆಲಸವನ್ನೂ ಅರೆಬರೆ ಮಾಡುವ ಜಾತಿಯಲ್ಲ ನನ್ನ ಗಂಡ.

ಅವರೇ ಮಾತಾಡಿದರು, ನನ್ನ ಕಡೆ ನೋಡದೆ. "ಅದನ್ನ ಹೊಸ ಮನೆಗೂ ತರ್ತೀನಿ ಅಂತೀಯ. ಅಲ್ಲೂ ಅದೇ ಬಾಗಿಲಾದ್ರೆ ನಾನು ಎಲ್ಲಿಂದ ಒಳಗೆ ಬರಲಿ, ಹೇಳು."

ಊರಿನಲ್ಲಿ ಬಾಯಿ ಜೋರಿನವಳು ಅಂದರೆ ನಾನೇ, ಆದರೂ ಬೈಯಲಿಲ್ಲ. ಒಳಗೆ ಹೋಗಿ ಪರದೆಯನ್ನು ಕತ್ತರಿಯಿಂದ ಚೂರು ಚೂರು ಮಾಡಿದೆ. ಅವರನ್ನು ಕೊಂದುಬಿಡುವಷ್ಟು ಸಿಟ್ಟು ಬಂದಿತ್ತು. ಅವರ ಜೊತೆ ಮಾತು ಬಿಟ್ಟೆ, ತಟ್ಟೆ ಮುಂದಿಟ್ಟು ಎದ್ದುಹೋಗುತ್ತಿದ್ದೆ.

ಕಂಪನಿಯಿಂದ ಬಂದವಳು ಒಬ್ಬ ಇಂಜಿನಿಯರಮ್ಮ. ನನ್ನ ತಂಗಿ ವಯಸ್ಸು, ಬಿಸಿಲಿಗೆ ಮುಖ ಕೆಂಪಾಗಿತ್ತು, ಒಳ್ಳೆಯವಳೇ. ಮೂರು ಕಾಲಿನ ಉಪಕರಣ ನಿಲ್ಲಿಸಿ ನೆಲ ಅಳೆದಳು, ಶಾಲೆ ಮಾಳಿಗೆ ಮೇಲೆ ಗಾಳಿ ಬಿಸಿ ಅಳೆಯುವ ಪೆಟ್ಟಿಗೆ ಇರಿಸಿದಳು. ಮನೆ ಮನೆಗೂ ಹೋಗಿ ಮಾತಾಡಿದಳು, ಹಿಂದೆ ಮೈಕು. ಎಲ್ಲರೂ ಪಾಠ ಒಪ್ಪಿಸಿದರು. ಕೊನೆಗೆ ನಮ್ಮ ಬಾಗಿಲಿಗೆ ಬಂದು ಆ ಹೊಸ ಚೌಕಟ್ಟಿಗೇ ಒರಗಿ ನಿಂತಳು.

"ಅಮ್ಮಾ, ನೀವಿಲ್ಲಿ ಬಹಳ ವರ್ಷದಿಂದ ಇದ್ದೀರಂತೆ. ಹೊಳೆ ಯಾವತ್ತಾದ್ರೂ ಇಲ್ಲಿವರೆಗೆ ಬಂದಿತ್ತಾ?"

ಬಂದಿತ್ತು ಅನ್ನಬೇಕು ಅಂತಲೇ ಇದ್ದೆ. ನನ್ನ ಗೀರುಗಳನ್ನು ಇವರು ಅಳಿಸಿದರಲ್ಲ, ಇವರ ಗುಡ್ಡದ ಮನೆಯನ್ನು ನಾನು ಅಳಿಸುತ್ತೇನೆ ಅಂತ ಹಲ್ಲು ಕಚ್ಚಿ ಕಾದಿದ್ದೆ. ಅಷ್ಟರಲ್ಲಿ ಬೇಲಿ ಹತ್ತಿರ ನಿಂತಿದ್ದ ಇವರು ಕಂಡರು. ಉಗುರು ಸಂದಿಯಲ್ಲಿ ಇನ್ನೂ ಕಂದು ಬಣ್ಣ. ಎರಡು ಕೈಯನ್ನೂ ಬೇಲಿಗೆ ಬಿಗಿಹಿಡಿದು, ಬೀಳುವವರ ಹಾಗೆ ನಿಂತಿದ್ದರು. ಚೌಕಟ್ಟಂತೂ ಹೋಯಿತು, ಇವರನ್ನು ಇನ್ನೂ ಯಾಕೆ ಈ ಮನೆಯಲ್ಲಿ ಕಟ್ಟಿಹಾಕಲಿ ಅನ್ನಿಸಿತು.

"ಇಲ್ಲಮ್ಮ" ಅಂದೆ. "ಇಲ್ಲಿಗೆ ನೀರು ಬಂದೇ ಇಲ್ಲ."

ಅವಳು ತಲೆಯಾಡಿಸಿದಳು. ಹೊರಡುವವಳು ಹಾಗೇ ಹೋಗಬಾರದಿತ್ತೇ, ಮರ್ಯಾದೆಗೆ ಅಂತ ಇನ್ನೊಂದು ಮಾತು ಕೇಳಿದಳು. "ಮಕ್ಕಳೆಷ್ಟು ನಿಮಗೆ?"

ನೀರು ಬಂದಿಲ್ಲ ಅಂದ ಮೇಲೆ ಏನು ಹೇಳಲಿ? ಇದ್ದಳು ಅಂದರೆ ಏನಾಯ್ತು ಅಂತ ಕೇಳುತ್ತಾಳೆ. ಮೈಕು ಕೆಮ್ಮಿದರು.

"ಮಕ್ಕಳಿಲ್ಲ" ಅಂದೆ.

ಇವರು ಬೇಲಿ ಬಿಟ್ಟು ಹಿತ್ತಲ ಕಡೆ ನಡೆದರು. ಅಲ್ಲಿ ಬಚ್ಚಲ ನಲ್ಲಿಯನ್ನು ಜೋರಾಗಿ ತಿರುಗಿಸಿದ್ದು ಕೇಳಿಸಿತು. ಬಹಳ ಹೊತ್ತು ನೀರು ಸುರಿಯುತ್ತಲೇ ಇತ್ತು.

ಆಮೇಲೆ ಕಾದೆವು. ಬೀದಿಯವರು ಗುಡ್ಡ ಹತ್ತಿ ಯಾರ ಮನೆ ಎಲ್ಲಿ ಅಂತ ಜಗಳ ಆಡಿ ಬಂದರು. ಇವರೂ ಹೋಗಿ ಬಂದು, "ಗಾಳಿ ಚೆನ್ನಾಗಿದೆ" ಅಂದರು. ನಾನು ಹೂಂ ಅಂದೆ. ಚೌಕಟ್ಟು ಹೋದ ಮೇಲೆ ಅವರಿಗೆ ನಾನು ಆಡಿದ ಮೊದಲ ಮಾತು ಅದು.

ಚಳಿ ಶುರುವಾದಾಗ ಇಂಜಿನಿಯರಮ್ಮ ಮತ್ತೆ ಬಂದಳು. ಮಾಳಿಗೆ ಮೇಲಿನ ಪೆಟ್ಟಿಗೆ ಬಿಚ್ಚಿಕೊಂಡು ಹೋಗಲು ಬಂದಿದ್ದಳಂತೆ. ಚೀಲದ ಜಿಪ್ ಕಿತ್ತುಹೋಗಿದೆ, ಹಾಕಿಕೊಡ್ತೀರಾ ಅಂತ ನನ್ನ ಅಂಗಡಿಗೇ ಬಂದು ಕೂತಳು. ಪೆಟ್ಟಿಗೆ ಯಾಕೆ ಬಿಚ್ಚಿದ್ರಿ ಅಂದೆ.

"ನಿಮ್ಮೂರು ಆಗಲಿಲ್ಲಮ್ಮ, ಬೇರೆ ಊರು ಆಯ್ತು. ನನಗಂತೂ ಇದೇ ಇಷ್ಟ ಇತ್ತು. ಆದ್ರೆ ಇಲ್ಲಿಗೆ ಕರೆಂಟ್ ಬರೋದು ಒಂದೇ ಲೈನಲ್ಲಿ. ಅದು ಹೋದ್ರೆ ಬೇರೆ ದಾರಿಯಿಂದ ಇನ್ನೊಂದು ಬರಬೇಕು. ಅದಿಲ್ಲದೆ ಆಗೋದೇ ಇಲ್ಲ."

"ನೀರಿನ ಸಲುವಾಗಿ ಅಲ್ವಾ?"

"ಪ್ರವಾಹದ್ದಾ? ಅದು ಮೊದಲೇ ಗೊತ್ತಿತ್ತು. ಆಕಾಶದಿಂದ ತೆಗೆದ ಚಿತ್ರಗಳಿವೆ, ನಿಮ್ಮ ಬೀದಿ ಪೂರ್ತಿ ನೀರಲ್ಲಿ ಮುಳುಗಿರೋದು ಕಾಣುತ್ತೆ. ಅದೇನು ದೊಡ್ಡದಲ್ಲ. ಮಣ್ಣು ತುಂಬಿ ನೆಲ ಎತ್ತರ ಮಾಡಿ ಕಟ್ತಾರೆ. ನೀರು ಎಷ್ಟು ಎತ್ತರ ನಿಂತಿತ್ತು ಅಂತ ತಿಳಿದ್ರೆ ಮಣ್ಣಿನ ಅಂದಾಜು ಸಿಗುತ್ತೆ, ಅದಕ್ಕೇ ಕೇಳ್ತಾ ಬಂದೆ. ನೀವೆಲ್ಲ ಬಂದೇ ಇಲ್ಲ ಅಂದ್ರಿ. ಯಾಕೆ ಹಾಗಂದ್ರಿ ಅಂತ ನನಗಿವತ್ತಿಗೂ ಅರ್ಥ ಆಗಿಲ್ಲ."

ನನ್ನ ಕೈ ಮಿಷನ್ ಚಕ್ರದ ಮೇಲೆಯೇ ನಿಂತಿತು. "ಆ ಚಿತ್ರ ಇನ್ನೂ ಇದೆಯಾ?"

"ಇದೆ. ಅಂಥವನ್ನ ಅಳಿಸೋದಿಲ್ಲ. ಒಂದು ಕಡೆ ಹಾಳಾದ್ರೂ ಇನ್ನೊಂದು ಕಡೆ ನಕಲು ಇರುತ್ತೆ."

ಜಿಪ್ ಹಾಕಿ ಕೊಟ್ಟೆ. ಅವಳು ಹೋದ ಮೇಲೆ ಶಟರ್ ಎಳೆದು ಒಳಗೆ ಕೂತು ಅತ್ತೆ. ಚೋಟು ಹೋದಾಗ ಜನರ ಮಧ್ಯೆ ಅತ್ತಿದ್ದೆ, ಒಬ್ಬಳೇ ಅತ್ತಿರಲಿಲ್ಲ. ಆ ದಿನದ ನೀರು ಎಲ್ಲೋ ಭದ್ರವಾಗಿದೆಯಂತೆ, ಎರಡೆರಡು ಕಡೆ. ನನ್ನ ಮಗಳ ಗುರುತು ಇದ್ದದ್ದು ಒಂದೇ ಕಡೆ, ಅದನ್ನು ನಾವೇ ತಿಕ್ಕಿ ಹಾಕಿದೆವು.

ಸಂಜೆ ಮನೆಗೆ ಹೋಗಿ ಇವರಿಗೆ ಎಲ್ಲವನ್ನೂ ಹೇಳಿದೆ. ಒಂದು ಮಾತು ಬಿಡಲಿಲ್ಲ. ಅವರು ಹಿತ್ತಲ ಮೆಟ್ಟಿಲ ಮೇಲೆ ಕೂತು ಕೇಳಿದರು. ಕೇಳಿ ಮುಗಿದ ಮೇಲೆ ಎದ್ದು ಪುಟ್ಟಿ ಹಚ್ಚುವ ಚಪ್ಪಟೆ ಕತ್ತಿ ತಗೊಂಡು, ಮನೆ ಸುತ್ತಿ ಮುಂದೆ ಬಂದು, ಅಷ್ಟು ವರ್ಷದ ಮೇಲೆ ಮುಂಬಾಗಿಲ ಹೊಸ್ತಿಲ ಮೇಲೆ ಮಂಡಿಯೂರಿ ಕೂತರು. ಬಣ್ಣ ಕೆರೆಯತೊಡಗಿದರು. ಮೆಲ್ಲಗೆ ಕೆರೆಯಿರಿ ಅಂತ ನಾನು ದೀಪ ಹಿಡಿದೆ. ಕಂದು ಸಿಪ್ಪೆ ಉದುರಿತು, ಪುಟ್ಟಿ ಉದುರಿತು, ಕೆಳಗೆ ಬರೀ ಮರ. ಬೆರಳಾಡಿಸಿ ನೋಡಿದೆ. ಎಲ್ಲೂ ಒಂದು ಗೀರು ತಾಗಲಿಲ್ಲ.

"ಇಲ್ಲೇ ಎಲ್ಲೋ ಇರಬೇಕು. ಇಷ್ಟಿದ್ಲಲ್ಲ ನಮ್ಮ ಚೋಟು" ಅಂದರು. ಆ ಹೆಸರು ಅವರ ಬಾಯಲ್ಲಿ ಕೇಳಿ ನಾನು ದೀಪ ಕೆಳಗಿಟ್ಟು ಪಕ್ಕದಲ್ಲಿ ಕೂತೆ. ಗಾಳಿಯಲ್ಲಿ ಅಂಗೈ ಚಾಚಿ ಹಿಡಿದಿದ್ದರು, ಅವಳ ತಲೆ ಮೇಲೆ ಇಟ್ಟ ಹಾಗೆ.

"ಅಲ್ಲ ರೀ, ಅಷ್ಟಿರಲಿಲ್ಲ. ಇಷ್ಟು" ಅಂದೆ. ನನ್ನ ಕೈ ಅವರದ್ದಕ್ಕಿಂತ ಕೆಳಗಿತ್ತು.

"ಇಷ್ಟೇ ಇದ್ಲು. ಅಳೆದವನು ನಾನಲ್ವಾ?"

"ಹಿಮ್ಮಡಿ ಎತ್ತಿದಾಗಿನ ಲೆಕ್ಕ ನಿಮ್ಮದು."

"ಹಿಮ್ಮಡಿ ಒತ್ತಿ ಹಿಡಿದಿದ್ದೆ ಕಣೇ. ಈ ಕೈಯಲ್ಲೇ ಹಿಡಿದಿದ್ದೆ."

ನನ್ನ ಕಣ್ಣಳತೆ ಯಾವತ್ತೂ ತಪ್ಪಿದ್ದಲ್ಲ. ಆದರೂ ನನ್ನ ಕೈ ಒಂದು ಸಲ ಸ್ವಲ್ಪ ಮೇಲೆ ಹೋಯಿತು, ಮತ್ತೆ ಕೆಳಗೆ ಬಂತು. ಇಷ್ಟೇ ಅಂತ ಆಣೆ ಮಾಡಿ ಹೇಳಲು ನನಗೆ ಆಗಲಿಲ್ಲ. ಅವರಿಗೂ ಆಗಲಿಲ್ಲ. ತೆರೆದ ಬಾಗಿಲಲ್ಲಿ ಇಬ್ಬರೂ ಕೈ ಚಾಚಿಕೊಂಡು ಹಾಗೇ ಕೂತಿದ್ದೆವು.