ಬಿಂಬಲ ರಸ ಕುಡಿದ ಮನೆಗಳು

ಸಮುದ್ರಕ್ಕೆ ಇನ್ನೂ ಉಪ್ಪು ಬೀಳದ ಕಾಲ. ಅಂಕೋಲೆ ಪಕ್ಕದ ನಮ್ಮೂರು ಕೇಣಿಯ ಹಿತ್ತಿಲೊಂದರಲ್ಲಿ ಒಂದು ಬಿಂಬಲದ ಮರ ಇತ್ತಂತೆ. ಮೈತುಂಬ ಗೊಂಚಲು ಗೊಂಚಲು ಹಸಿರು ಕಾಯಿ. ಕಚ್ಚಿದವರ ಕಣ್ಣು ಮುಚ್ಚಿಹೋಗುವಷ್ಟು ಹುಳಿ. ಹಕ್ಕಿಯೂ ಮುಟ್ಟದು. ಮರ ಅತ್ತದ್ದು ಕೇಳಿ ಬಂಗಡೆ ಮೀನಿಗೆ ಕರುಣೆ ಬಂತಂತೆ: "ನನ್ನ ಸಾರಿಗೆ ಬಾ. ಆದರೆ ಎರಡೇ ಎರಡು ಕಾಯಿ."

ಸಾರು ಕುದಿಯುವಾಗ ಅಜ್ಜಿ ಹೇಳುತ್ತಿದ್ದ ಕತೆ. ಆ ಮರ ನಮ್ಮ ಹಿತ್ತಿಲಿನದೇ ಎಂದು ನಾನು ನಂಬಿದ್ದೆ.

ಹೋದ ವರ್ಷ ಕಾರವಾರದಿಂದ ಪೂರ್ಣಿಮಾ ಎಂಬ ಸಂಶೋಧನಾ ವಿದ್ಯಾರ್ಥಿನಿ ಬಂದಳು. ಯಾರೂ ಕೇಳದ ಹಣ್ಣುಗಳನ್ನೂ ಅವುಗಳ ಎಲೆಗಳನ್ನೂ ಪರೀಕ್ಷಿಸುವುದು ಅವಳ ಕೆಲಸ. ಬಿಂಬಲದ ಕಾಯಿ, ಎಲೆ ಎರಡನ್ನೂ ಚೀಲ ತುಂಬ ಒಯ್ದಳು. ತಿಂಗಳ ಮೇಲೆ ಮತ್ತೆ ಬಂದು, ಅವುಗಳ ರಸ ಬಿದ್ದೊಡನೆ ನೇರಳೆ ದ್ರಾವಣ ಹಳದಿಗೆ ತಿರುಗಿತೆಂದೂ, ಮೈಯ ಕಣಗಳನ್ನು ಕಾಯುವ ಆ್ಯಂಟಿಆಕ್ಸಿಡೆಂಟ್ ಗುಣ ಚೆನ್ನಾಗಿದೆಯೆಂದೂ ಹೇಳಿದಳು. "ಆದರೆ ಇದೆಲ್ಲ ಗಾಜಿನ ಕೊಳವೆಯೊಳಗಿನ ಮಾತು. ಮನುಷ್ಯರ ಮೇಲೆ ನೋಡಿಲ್ಲ" ಎಂದೂ ಸೇರಿಸಿದಳು.

ಆ ಕೊನೆಯ ಮಾತಿಗೆ ಮೊದಲೇ ಹೀರಾ ಅತ್ತೆ ಎದ್ದು ಹೋಗಿಯಾಗಿತ್ತು. ಅಪ್ಪನ ಅಕ್ಕ, ಮನೆಮನೆಗೆ ಮೀನು ಮಾರುವವಳು.

"ಕಂಡ್ಯಾ ದೀಕ್ಷಾ, ನಮ್ಮ ಹಿತ್ತಲ ಕಾಯಿ ಲ್ಯಾಬಿಗೆ ಹೋಗಿ ಪಾಸಾಗಿ ಬಂತು! ನೀನು ಒಂದೇ ಸಲಕ್ಕೆ ಪಾಸಾದ್ದುಂಟಾ?" ಎಂದು ಅತ್ತೆ ಆ ಸಂಜೆ ನನ್ನನ್ನು ಛೇಡಿಸಿದಳು.

ಅವಳಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಬರಿಹೊಟ್ಟೆಗೆ ಲೋಟ ತುಂಬ ಹಸಿ ರಸ ಕುಡಿಯತೊಡಗಿದಳು. ಬುಟ್ಟಿ ಇಳಿಸಿದ ಮನೆಗಳಲ್ಲೆಲ್ಲ ನೀವೂ ಕುಡಿಯಿರಿ ಎಂದು ಹೇಳಿದಳು. ಮೀನಿನ ಜೊತೆ ಕಾಯಿ ಪುಕ್ಕಟೆ ಕೊಟ್ಟಳು.

ಮಳೆ ಹಿಡಿಯುವ ಹೊತ್ತಿಗೆ ಅವಳ ಕಾಲು ಊದಿತು, ಮೂತ್ರ ನಿಂತಿತು. ಕಾಯಿಯ ಹುಳಿ ಕಿಡ್ನಿಯಲ್ಲಿ ಹರಳುಗಟ್ಟಿದೆ ಎಂದರು ಡಾಕ್ಟರು. ಡಯಾಲಿಸಿಸ್ ಮಂಚದಲ್ಲಿ ಅತ್ತೆ ನನ್ನ ಕೈ ಹಿಡಿದಳು.

"ನಾ ಹೋದ ಮನೆಗೆಲ್ಲಾ ಹೋಗೇ. ಕುಡೀಬ್ಯಾಡ್ರಿ ಅಂತ ಹೇಳೇ. ಒಂದೂ ಮನೆ ಬಿಡೂಕಿಲ್ಲ."

ಮಾತು ಕೊಟ್ಟೆ. ಮರುದಿನದಿಂದಲೇ ಅವಳು ಮೀನು ಮಾರಿದ ಮನೆಗಳನ್ನು ಸುತ್ತತೊಡಗಿದೆ.

"ಓಹೋ, ಪೇಟೆಲಿ ಕಾಯಿಗೆ ರೇಟ್ ಬಂತಾ?" ಅಂಕೋಲೆಯ ಗಾಯತ್ರಿ ಬಾಯಿ ನಕ್ಕಳು. "ಪುಕ್ಕಟೆ ಕೊಡೂಕೆ ಈಗ ಹೊಟ್ಟೆ ಉರಿ ನಿಂಗೆ!"

ಪೂರ್ಣಿಮಾಳನ್ನೇ ಕರೆದುಕೊಂಡು ಹೋದೆ. "ಒಳ್ಳೇದು ಅಂದವ್ರೂ ನೀವೇ ಅಲ್ರಾ?" ಎಂದರು ಮನೆಯವರು. ಹೇಳಿದ್ದನ್ನು ಯಾರು ಕೇಳಿದರೋ, ನಾನು ಬೆನ್ನು ತಿರುಗಿಸಿದ ಮೇಲೆ ಯಾರು ಕುಡಿದರೋ, ತಿಳಿಯುವ ದಾರಿ ಇರಲಿಲ್ಲ.

ಕೊನೆಗೆ ಉಳಿದದ್ದು ಅಂಕೋಲೆ ಬಿಟ್ಟು ಹಣಕೋಣದಲ್ಲಿರುವ ಮಗಳ ಮನೆಗೆ ಹೋಗಿದ್ದ ಯಶೋದಕ್ಕ. ಅಲ್ಲಿಗೆ ಹೊರಡುವ ಮೊದಲೇ ಅತ್ತೆ ತೀರಿಕೊಂಡಳು. ಕ್ರಿಯೆ ಮುಗಿದ ಮರುದಿನ ಬಸ್ಸು ಹತ್ತಿದೆ.

ಯಶೋದಕ್ಕ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಕೈಯಲ್ಲಿ ಲೋಟ.

"ಹೀರಾ ಕಳ್ಸಿದ್ಲಾ? ಬಾ ಬಾ. ಅವಳ ಔಷಧ ಬಿಟ್ಟಿಲ್ಲ ನೋಡು, ಇಲ್ಲೂ ಮರ ಉಂಟು."

ರಸ ಕುಡಿಯಬೇಡಿ ಎಂದು ಅತ್ತೆಯೇ ಹೇಳಿಕಳಿಸಿದ್ದನ್ನು ಹೇಳಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. "ಹೀರಾ ಸುಳ್ಳು ಹೇಳೂ ಹೆಂಗ್ಸಲ್ಲ. ಬ್ಯಾಡ ಅಂದ್ರೆ ಅವಳೇ ಬಂದು ಹೇಳ್ಲಿ."

"ಅವಳು ಬರೂದಿಲ್ಲ, ಯಶೋದಕ್ಕಾ. ತೀರ್ಕೊಂಡ್ಲು."

ಯಶೋದಕ್ಕ ಲೋಟ ನೋಡಿದಳು. ಆಮೇಲೆ ಬಗ್ಗಿ ತನ್ನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಒತ್ತಿದ ಕುಳಿ ಹಾಗೇ ಉಳಿಯಿತು.

ಲೋಟವನ್ನು ನನ್ನತ್ತ ಚಾಚಿದಳು. ನಾನು ಅದನ್ನು ಅಂಗಳದ ಮಣ್ಣಿಗೆ ಸುರಿದೆ. ಅತ್ತೆ ಬುಟ್ಟಿ ಇಳಿಸಿದ ಮನೆಗಳಲ್ಲಿ ನಾನು ಹೋಗಿ ಹೇಳದ್ದು ಇನ್ನು ಯಾವುದೂ ಉಳಿದಿರಲಿಲ್ಲ.